ಔಷಧವೂ ರಕ್ತವೂ: ಶ್ವಾಸಕೋಶದ ಅರ್ಬುದರೋಗದ ಚಿಕಿತ್ಸೆಯ ಇತಿಹಾಸದಿಂದ

೧

ಹೈದರಾಬಾದಿನ ದಕ್ಷಿಣಕ್ಕೆ, ಬೆಂಗಳೂರಿನ ಹೆದ್ದಾರಿಯ ಮೇಲಿರುವ ಶಂಶಾಬಾದ್ ಇಂದು ವಿಮಾನ ನಿಲ್ದಾಣದಿಂದಾಗಿ ಪ್ರಸಿದ್ಧವಾಗಿದೆ. ೨೦೦೮ರ ಮಾರ್ಚ್ ತಿಂಗಳಲ್ಲಿ ಬೇಗಂಪೇಟೆಯಿಂದ ವಿಮಾನ ಸಂಚಾರವು ಇಲ್ಲಿಗೆ ವರ್ಗವಾದ ಮೇಲೆ, ನಗರದ ಸುತ್ತಣ ಕಾರ್ಖಾನೆಗಳಲ್ಲಿ ತಯಾರಾಗುವ ಔಷಧಗಳು ವಿಮಾನದ ಮೂಲಕ ಹೊರನಾಡುಗಳಿಗೆ ಹೋಗುವ ದಾರಿಯೂ ಇದೇ ಆಯಿತು. ಶಾಖ ತಗಲದಂತೆ ತಂಪು ಕೋಣೆಗಳಲ್ಲಿ ಕಾಯ್ದಿಟ್ಟ ಪೆಟ್ಟಿಗೆಗಳು ಇಲ್ಲಿ ವಿಮಾನವನ್ನೇರುತ್ತವೆ. ಅದೇ ಊರಿನ ಹೆದ್ದಾರಿಯಲ್ಲಿ ಇನ್ನೊಂದು ಸಂಚಾರವೂ ಉಂಟು. ರಾಯಚೂರು, ಮಹಬೂಬನಗರಗಳ ಕಡೆಯಿಂದ ಬರುವ ಬಸ್ಸುಗಳು ಶಂಶಾಬಾದಿನ ದಾರಿಯಿಂದ ನಗರವನ್ನು ಪ್ರವೇಶಿಸುತ್ತವೆ. ಚಿಕಿತ್ಸೆಯನ್ನು ಅರಸಿ ಬರುವ ಕನ್ನಡ ರೋಗಿಗಳೂ ಅವರ ಮನೆಮಂದಿಯೂ ಆ ಬಸ್ಸುಗಳಲ್ಲಿರುತ್ತಾರೆ.

ಈ ದಾರಿ ಹಳೆಯದು. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ಅಲ್ಲಿಂದ ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ರಾಯಚೂರು, ಕಲಬುರಗಿ, ಬೀದರ ಎಂಬ ಮೂರು ಕನ್ನಡ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಉನ್ನತ ವ್ಯಾಸಂಗಕ್ಕೆ, ದೊಡ್ಡ ನ್ಯಾಯಾಲಯಕ್ಕೆ, ದೊಡ್ಡ ಆಸ್ಪತ್ರೆಗೆ ಅಲ್ಲಿಯ ಜನರು ಇಲ್ಲಿಗೆ ಬರುತ್ತಿದ್ದರು. ೧೯೫೫ರಲ್ಲಿ ನಗರದ ರೆಡ್ ಹಿಲ್ಸ್ ಭಾಗದಲ್ಲಿ ಕ್ಯಾನ್ಸರ್ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ಹೈದರಾಬಾದಿನ ಸಾರ್ವಜನಿಕ ಜೀವನದಲ್ಲಿ ಪ್ರಮುಖರಾಗಿದ್ದು, ೧೯೬೦ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಆ ಸಂಸ್ಥೆ ಹೊತ್ತಿದೆ; ಜನರು ಅದನ್ನು ಎಂ.ಎನ್.ಜೆ. ಆಸ್ಪತ್ರೆಯೆಂದು ಕರೆಯುತ್ತಾರೆ. ಅದು ಆರಂಭವಾದಾಗ ಮೂರು ಕನ್ನಡ ಜಿಲ್ಲೆಗಳೂ ಅದೇ ರಾಜ್ಯದಲ್ಲಿದ್ದವು. ಮರುವರ್ಷ ನವೆಂಬರ್ ೧ರಂದು ಅವು ಮೈಸೂರು ರಾಜ್ಯವನ್ನು ಸೇರಿದವು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಹುಟ್ಟಿತು. ಕಲಬುರಗಿಯಲ್ಲಿಯೂ ಅದರ ಶಾಖೆಯುಂಟು. ಹಾಗಿದ್ದರೂ ಬೀದರ, ರಾಯಚೂರುಗಳ ರೋಗಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. ರಾಜ್ಯದ ಎಲ್ಲೆ ಬದಲಾದ ಮಾತ್ರಕ್ಕೆ ರೋಗಿಯ ದಾರಿ ಬದಲಾಗಲಿಲ್ಲ.

ಹೀಗೆ ಬರುವವರಲ್ಲಿ ಶ್ವಾಸಕೋಶದ ಅರ್ಬುದರೋಗದಿಂದ, ಎಂದರೆ ಕ್ಯಾನ್ಸರಿನಿಂದ, ಪೀಡಿತರಾದವರ ಸ್ಥಿತಿ ವಿಶೇಷ ಕಷ್ಟದ್ದು. ಕೆಮ್ಮು, ಕಫದಲ್ಲಿ ರಕ್ತ, ಮೈ ಇಳಿಯುವುದು ಈ ಲಕ್ಷಣಗಳು ಕ್ಷಯಕ್ಕೂ ಸಮಾನವಾದುದರಿಂದ ಎಷ್ಟೋ ರೋಗಿಗಳು ಮೊದಲು ಕ್ಷಯದ ಮಾತ್ರೆಗಳನ್ನು ನುಂಗಿ ತಿಂಗಳುಗಳನ್ನು ಕಳೆದಿರುತ್ತಾರೆ. ರೋಗ ಗೊತ್ತಾಗುವ ವೇಳೆಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಆಗ ಉಳಿಯುವ ಮುಖ್ಯ ಮಾರ್ಗಗಳಲ್ಲೊಂದು ಕೀಮೋಥೆರಪಿ ಎಂಬ ರಾಸಾಯನಿಕ ಚಿಕಿತ್ಸೆ. ಈ ಚಿಕಿತ್ಸೆಯ ಅತಿ ದೊಡ್ಡ ಹೊರೆ ಬೀಳುವುದು ಶ್ವಾಸಕೋಶದಿಂದ ದೂರದಲ್ಲಿರುವ ಮೂಳೆಗಳ ಮಜ್ಜೆಯ ಮೇಲೆ, ಅಲ್ಲಿ ಹುಟ್ಟುವ ರಕ್ತದ ಮೇಲೆ. ಔಷಧಕ್ಕೂ ರಕ್ತಕ್ಕೂ ಇರುವ ಈ ಸಂಬಂಧ ಹೇಗೆ ಉಂಟಾಯಿತು, ಹೊರೆಯನ್ನು ಇಳಿಸುವ ಯತ್ನ ಹೇಗೆ ನಡೆಯಿತು, ಅದರಲ್ಲಿ ಈ ದೇಶದ ಮತ್ತು ಈ ನಗರದ ಪಾಲೇನು ಎಂಬುದು ಪ್ರಕೃತ ವಿಷಯ.

೨

ಔಷಧದ ಕೇಡನ್ನು ಅಳೆಯುವ ಪ್ರಶ್ನೆ ಹೈದರಾಬಾದಿಗೆ ಅಪರಿಚಿತವಲ್ಲ. ರೋಗಿಗಳನ್ನು ಮೂರ್ಛೆಗೊಳಿಸಲು ಕೊಡುತ್ತಿದ್ದ ಕ್ಲೋರೋಫಾರ್ಮಿನಿಂದ ಸಂಭವಿಸುವ ಮರಣಗಳ ಕಾರಣವನ್ನು ಕಂಡುಹಿಡಿಯಲು ಇಲ್ಲಿ ೧೮೮೮ರಲ್ಲಿಯೂ ೧೮೮೯ರಲ್ಲಿಯೂ ಎರಡು ಆಯೋಗಗಳು ಕುಳಿತವು. ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿ ಅವುಗಳ ಪ್ರೇರಕ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಒಂದು ಸಾವಿರ ಪೌಂಡುಗಳನ್ನು ಕೊಟ್ಟು ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪರಿಣತನನ್ನು ಕರೆಸಲು ನೆರವಾದರು. ಕ್ಲೋರೋಫಾರ್ಮಿನಿಂದ ಉಸಿರು ಮೊದಲು ನಿಲ್ಲುತ್ತದೆ, ಉಸಿರಾಟವನ್ನು ಕಾದುಕೊಂಡರೆ ಸಾಕು, ಹೃದಯಕ್ಕೆ ನೇರವಾದ ಭಯವಿಲ್ಲ ಎಂದು ಆಯೋಗ ತೀರ್ಮಾನಿಸಿತು. ೧೯೧೧ರಲ್ಲಿ ಲೆವಿ ಎಂಬ ಸಂಶೋಧಕನು ಕ್ಲೋರೋಫಾರ್ಮು ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲುದೆಂದು ತೋರಿಸಿದಾಗ ಆ ತೀರ್ಮಾನ ಬಿದ್ದುಹೋಯಿತು. ಹಲವು ನೂರು ಪ್ರಯೋಗಗಳ ಶ್ರಮ ಅಲ್ಲಿತ್ತು. ಆದರೆ ಕೇಡನ್ನು ಒಂದೇ ಕಡೆ ಹುಡುಕಿದವರಿಗೆ ಇನ್ನೊಂದು ಕಡೆಯ ಕೇಡು ಕಾಣಲಿಲ್ಲ. ಈ ಹಳೆಯ ಪಾಠ ಮುಂದಿನ ಕಥೆಗೂ ಸಲ್ಲುತ್ತದೆ.

ಅರ್ಬುದದ ಔಷಧಗಳ ವಿಷಯದಲ್ಲಿ ರಕ್ತದ ಕೇಡು ಆಮೇಲೆ ಪತ್ತೆಯಾದ ದೋಷವಲ್ಲ. ಅದೇ ಈ ಚಿಕಿತ್ಸೆಯ ಹುಟ್ಟಿಗೆ ಕಾರಣ. ೧೯೧೭ರ ಜುಲೈಯಲ್ಲಿ ಬೆಲ್ಜಿಯಮಿನ ಈಪ್ರ್ ರಣರಂಗದಲ್ಲಿ ಸಾಸಿವೆ ಅನಿಲವನ್ನು ಮೊದಲ ಬಾರಿಗೆ ಪ್ರಯೋಗಿಸಲಾಯಿತು. ಅದಕ್ಕೆ ಬಲಿಯಾದವರ ಮಜ್ಜೆ ಬರಿದಾಗಿದ್ದುದನ್ನೂ ಬಿಳಿಯ ರಕ್ತಕಣಗಳು ಕುಗ್ಗಿದ್ದುದನ್ನೂ ಅಮೆರಿಕದ ಕ್ರುಂಬಾರ್ ದಂಪತಿಗಳು ೧೯೧೯ರಲ್ಲಿ ವರದಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ ಎಂಬವರು ಇದನ್ನೇ ತಿರುಗಿಸಿ ಯೋಚಿಸಿದರು. ಬಿಳಿಯ ಕಣಗಳನ್ನು ಅಳಿಸುವ ವಿಷವು ಆ ಕಣಗಳಿಂದಲೇ ಬೆಳೆದ ಗಂಟುಗಳನ್ನೂ ಕರಗಿಸಬೇಕಲ್ಲವೆ? ನೈಟ್ರೊಜನ್ ಮಸ್ಟರ್ಡ್ ಎಂಬ ಅದರ ಸಂಬಂಧಿಯನ್ನು ಅವರು ರೋಗಿಯೊಬ್ಬನಿಗೆ ಕೊಟ್ಟರು. ಗಂಟುಗಳು ಕರಗಿದವು, ಮಜ್ಜೆಯೂ ಸೊರಗಿತು.

ಶ್ವಾಸಕೋಶದ ಅರ್ಬುದಕ್ಕೆ ಇದೇ ಔಷಧವನ್ನು ಕೊಟ್ಟು ೧೯೪೮ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದವರು ನ್ಯೂಯಾರ್ಕಿನ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು. ಗಂಟು ಎಷ್ಟು ಕುಗ್ಗಿತೆಂದು ಅಳೆದರಷ್ಟೇ ಸಾಲದು, ರೋಗಿಯು ಎದ್ದು ಓಡಾಡಬಲ್ಲನೆ, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲನೆ, ಹಾಸಿಗೆ ಹಿಡಿದಿರುವನೆ ಎಂಬುದನ್ನೂ ನೂರರಿಂದ ಸೊನ್ನೆಯವರೆಗಿನ ಅಂಕಗಳಲ್ಲಿ ಗುರುತಿಸಬೇಕೆಂದು ಅವರು ಸೂಚಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ಕಾರ್ನಾಫ್‌ಸ್ಕಿ ಮಾನವೆಂದು ಬಳಕೆಯಲ್ಲಿರುವ ಈ ಅಳತೆ ಹುಟ್ಟಿದ್ದು ಶ್ವಾಸಕೋಶದ ಅರ್ಬುದದ ಮೊದಲ ರಾಸಾಯನಿಕ ಚಿಕಿತ್ಸೆಯ ಜೊತೆಯಲ್ಲಿಯೇ ಎಂಬುದು ಗಮನಾರ್ಹವಾದ ಸಂಗತಿ.

೩

ಮಜ್ಜೆಯೇ ಏಕೆ ನಲುಗಬೇಕು ಎಂಬುದಕ್ಕೆ ಕಾರಣ ಸರಳವಾಗಿದೆ. ವೇಗವಾಗಿ ಒಡೆದು ಎರಡಾಗುವ ಜೀವಕೋಶಗಳನ್ನು ಹಿಡಿದು ಕೊಲ್ಲುವುದೇ ಈ ಔಷಧಗಳ ಕ್ರಮ. ಅರ್ಬುದದ ಕೋಶಗಳಂತೆ ಮಜ್ಜೆಯ ಕೋಶಗಳೂ ಹಗಲಿರುಳು ಒಡೆಯುತ್ತಿರುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳದು ಎಂಟು ಹತ್ತು ದಿನ. ಸೋಂಕನ್ನು ಎದುರಿಸುವ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆಗಳ ಕಾಲ. ಮಜ್ಜೆಯ ಕೆಲಸ ನಿಂತಾಗ ಮೊದಲು ಬಿಳಿಯ ಕಣಗಳು, ಆಮೇಲೆ ಪ್ಲೇಟ್‌ಲೆಟ್‌ಗಳು, ಬಹಳ ನಿಧಾನವಾಗಿ ಕೆಂಪು ಕಣಗಳು ಇಳಿಯುವುದಕ್ಕೆ ಇದೇ ಕಾರಣ. ಸಾಮಾನ್ಯವಾಗಿ ೨೧ ದಿನಗಳಿಗೊಮ್ಮೆ ಕೊಡುವ ಚಿಕಿತ್ಸೆಯಲ್ಲಿ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗಿನ ಕಾಲ ಅಪಾಯದ್ದು. ಆ ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿರುವುದಿಲ್ಲ, ಊರಿನಲ್ಲಿರುತ್ತಾನೆ.

ಔಷಧಗಳು ಬದಲಾದಂತೆ ಹೊರೆಯ ಸ್ವರೂಪವೂ ಬದಲಾಯಿತು. ೧೯೬೫ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಪ್ಲಾಟಿನಂ ಲವಣಗಳ ಶಕ್ತಿಯನ್ನು ಆಕಸ್ಮಿಕವಾಗಿ ಕಂಡುಕೊಂಡರು. ಅದರಿಂದ ಬಂದ ಸಿಸ್‌ಪ್ಲಾಟಿನ್ ೧೯೭೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಮುಂದೆ ಶ್ವಾಸಕೋಶದ ಅರ್ಬುದಕ್ಕೂ ಪ್ರಧಾನ ಔಷಧವಾಯಿತು. ಅದು ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ೧೯೮೯ರಲ್ಲಿ ಅನುಮತಿ ಪಡೆದ ಕಾರ್ಬೊಪ್ಲಾಟಿನ್ ಮೂತ್ರಪಿಂಡಕ್ಕೆ ಸೌಮ್ಯವಾಯಿತು, ಆದರೆ ಪ್ಲೇಟ್‌ಲೆಟ್‌ಗಳನ್ನು ಹೆಚ್ಚಾಗಿ ಇಳಿಸಿತು. ಅದೇ ವರ್ಷ ಇಂಗ್ಲೆಂಡಿನ ಕ್ಯಾಲ್ವರ್ಟ್ ಅವರು ರೋಗಿಯ ಮೂತ್ರಪಿಂಡದ ಶಕ್ತಿಯನ್ನು ನೋಡಿ ಈ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. ಹೊರೆಯನ್ನು ಒಂದು ಅಂಗದಿಂದ ಇನ್ನೊಂದಕ್ಕೆ ಸಾಗಿಸಿದ ಹಾಗಾಯಿತೇ ಹೊರತು ಅದು ಇಲ್ಲವಾಗಲಿಲ್ಲ.

ಇದರ ಮೇಲೆ ಭಾರತದ ರೋಗಿಗೆ ಇನ್ನೊಂದು ತೊಡಕಿದೆ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಶೇಕಡ ೫೭ ಮಂದಿಗೂ ಪುರುಷರಲ್ಲಿ ಶೇಕಡ ೨೫ ಮಂದಿಗೂ ರಕ್ತಹೀನತೆಯಿತ್ತು. ಔಷಧವು ಕುಗ್ಗಿಸುವ ಮೊದಲೇ ಇಲ್ಲಿ ರಕ್ತ ಕುಗ್ಗಿರುವುದುಂಟು.

೪

ಈ ರಕ್ತಹೀನತೆಯಿಂದಲೇ ಕಥೆಯ ಮುಂದಿನ ಅಧ್ಯಾಯ ಆರಂಭವಾಗುತ್ತದೆ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಒಂದು ಬಗೆಯ ತೀವ್ರ ರಕ್ತಹೀನತೆ ಕೊಲ್ಲುತ್ತಿತ್ತು. ಯೀಸ್ಟಿನ ಸಾರವನ್ನು ತಿನ್ನಿಸಿದರೆ ಅದು ವಾಸಿಯಾಗುವುದೆಂದು ಅವರು ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವಿಗೆ ೧೯೪೧ರಲ್ಲಿ ಟೆಕ್ಸಾಸಿನ ಸಂಶೋಧಕರು, ಬಸಳೆಯ ಜಾತಿಯ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಮಜ್ಜೆಯಲ್ಲಿ ಹೊಸ ರಕ್ತಕಣಗಳು ಹುಟ್ಟಲು ಅದು ಅವಶ್ಯಕ.

ಆ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ರಚಿಸಿದ ತಂಡಕ್ಕೆ ನಾಯಕರಾಗಿದ್ದವರು ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ೧೯೨೩ರಲ್ಲಿ ಅಮೆರಿಕಕ್ಕೆ ತೆರಳಿ, ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ಹೊಣೆ ಹೊತ್ತ ಈ ತೆಲುಗು ವಿಜ್ಞಾನಿಯ ಬಳಗವು ಫೋಲಿಕ್ ಆಮ್ಲದ ರಚನೆಯನ್ನು ೧೯೪೬ರಲ್ಲಿ ಪ್ರಕಟಿಸಿತು. ಅನಂತರ ಅದೇ ಬಳಗವು ಆ ಆಮ್ಲದ ವೇಷ ಹಾಕಿ ಜೀವಕೋಶವನ್ನು ಮೋಸಗೊಳಿಸುವ ವಿರೋಧಿ ವಸ್ತುಗಳನ್ನು ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಾರ್ಬುದದ ಮಕ್ಕಳಿಗೆ ಮೊದಲು ಫೋಲಿಕ್ ಆಮ್ಲದ ಸಂಯುಕ್ತಗಳನ್ನೇ ಕೊಟ್ಟಾಗ ರೋಗ ಉಲ್ಬಣಿಸಿದಂತೆ ಕಂಡಿತ್ತು. ವಿರೋಧಿಯಾದ ಅಮಿನೊಪ್ಟೆರಿನನ್ನು ಕೊಟ್ಟಾಗ ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಂಜರಿಯಿತು. ಈ ಫಲಿತಾಂಶಗಳು ೧೯೪೮ರಲ್ಲಿ ಪ್ರಕಟವಾದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್ ತೀರಿಕೊಂಡರು.

ಮುಂಬಯಿಯ ಗಿರಣಿಯ ಸ್ತ್ರೀಯರ ರಕ್ತವನ್ನು ತುಂಬಿದ ವಸ್ತುವಿಗೂ ಶ್ವಾಸಕೋಶದ ಅರ್ಬುದಕ್ಕೂ ನಂಟು ಬೆಳೆದದ್ದು ಅರ್ಧ ಶತಮಾನದ ಮೇಲೆ. ಪ್ರಿನ್ಸ್‌ಟನ್ನಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಟೇಲರ್ ೧೯೪೬ರ ಆ ಪ್ರಬಂಧವನ್ನು ಓದಿದ್ದರು. ಚಿಟ್ಟೆಯ ರೆಕ್ಕೆಯ ಬಣ್ಣಗಳಲ್ಲಿ ಕಂಡಿದ್ದ ಅಣುರಚನೆಯೇ ಯಕೃತ್ತಿನಿಂದ ಪಡೆದ ಈ ರಕ್ತವರ್ಧಕದಲ್ಲಿಯೂ ಇರುವುದು ಅವರಿಗೆ ಆಶ್ಚರ್ಯವನ್ನುಂಟುಮಾಡಿತ್ತು. ಅವರ ದೀರ್ಘಕಾಲದ ಸಾಧನೆಯಿಂದ ಹುಟ್ಟಿದ್ದು ಪೆಮೆಟ್ರೆಕ್ಸೆಡ್ ಎಂಬ ಫೋಲಿಕ್ ವಿರೋಧಿ ಔಷಧ. ಆದರೆ ಪರೀಕ್ಷೆಗಳಲ್ಲಿ ಕೆಲವು ರೋಗಿಗಳ ರಕ್ತಕಣಗಳು ತೀವ್ರವಾಗಿ ಕುಸಿದವು. ಚಿಕಿತ್ಸೆಯ ಕೇಡಿನಿಂದಲೇ ಸಾವುಗಳೂ ಸಂಭವಿಸಿದವು. ದೇಹದಲ್ಲಿ ಫೋಲಿಕ್ ಆಮ್ಲದ ಸಂಗ್ರಹ ಕಡಿಮೆಯಿದ್ದವರಿಗೇ ಈ ಗತಿ ಹೆಚ್ಚಾಗಿ ಒದಗುತ್ತಿದೆಯೆಂದು ರಕ್ತಪರೀಕ್ಷೆಯಿಂದ ತಿಳಿದುಬಂತು. ಹಾಗಾದರೆ ಆಮ್ಲವನ್ನೇ ಜೊತೆಗೆ ಕೊಡಬಹುದೆ? ಅದರಿಂದ ಅರ್ಬುದವೂ ಕೊಬ್ಬದೆ? ಫಾರ್ಬರ್ ಕಂಡದ್ದನ್ನು ಬಲ್ಲವರಿಗೆ ಈ ಅಂಜಿಕೆ ಸಹಜವಾಗಿತ್ತು. ೧೯೯೯ರ ಕೊನೆಗೆ ಧೈರ್ಯ ಮಾಡಿ, ಎಲ್ಲ ರೋಗಿಗಳಿಗೂ ಸ್ವಲ್ಪ ಪ್ರಮಾಣದ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬಿ೧೨ ಜೀವಸತ್ವದ ಚುಚ್ಚುಮದ್ದನ್ನೂ ಕೊಡಲಾರಂಭಿಸಿದರು. ರಕ್ತದ ಕೇಡು ಬಹುಮಟ್ಟಿಗೆ ತಗ್ಗಿತು. ಔಷಧದ ಗುಣ ಕುಂದಲಿಲ್ಲ.

೨೦೦೪ರಲ್ಲಿ ಪ್ರಕಟವಾದ ಹೋಲಿಕೆಯ ಪರೀಕ್ಷೆಯಲ್ಲಿ, ಒಮ್ಮೆ ಚಿಕಿತ್ಸೆ ಪಡೆದು ರೋಗ ಮರುಕಳಿಸಿದ ೫೭೧ ಶ್ವಾಸಕೋಶದ ಅರ್ಬುದದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಪೆಮೆಟ್ರೆಕ್ಸೆಡನ್ನೂ ಉಳಿದವರಿಗೆ ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನೂ ಕೊಡಲಾಯಿತು. ಮಧ್ಯಕ ಜೀವಿತಾವಧಿ ಒಂದರಲ್ಲಿ ೮.೩ ತಿಂಗಳು, ಇನ್ನೊಂದರಲ್ಲಿ ೭.೯ ತಿಂಗಳು, ಹೆಚ್ಚು ಭೇದವಿಲ್ಲ. ಆದರೆ ಬಿಳಿಯ ಕಣಗಳ ತೀವ್ರ ಕುಸಿತ ಪೆಮೆಟ್ರೆಕ್ಸೆಡ್ ಪಡೆದವರಲ್ಲಿ ಶೇಕಡ ೫.೩ ಮಂದಿಗೆ ಆದರೆ ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ ಶೇಕಡ ೪೦.೨ ಮಂದಿಗೆ ಆಗಿತ್ತು. ಆ ಕುಸಿತದೊಡನೆ ಜ್ವರ ಬಂದವರು ಕ್ರಮವಾಗಿ ಶೇಕಡ ೧.೯ ಮತ್ತು ೧೨.೭. ಬದುಕು ಅಷ್ಟೇ ಇದ್ದರೂ ಬದುಕಿದ ದಿನಗಳ ಗುಣ ಬೇರೆಯಾಗಬಲ್ಲುದೆಂಬುದಕ್ಕೆ ಈ ಅಂಕಿಗಳು ಸಾಕ್ಷಿಯಾಗಿವೆ. ಕೆಲವು ಪೈಸೆಗಳ ಮಾತ್ರೆಯೊಂದು ಇದರಲ್ಲಿ ಪಾತ್ರ ವಹಿಸಿತೆಂಬುದನ್ನು ಮರೆಯಲಾಗದು.

೫

ಜ್ವರದ ಕಥೆಯೂ ಇಷ್ಟೇ ದೀರ್ಘವಾದದ್ದು. ನ್ಯೂಟ್ರೊಫಿಲ್ ಕಣಗಳು ಎಷ್ಟು ಕಡಿಮೆಯಾಗುವುವೋ, ಎಷ್ಟು ದಿನ ಹಾಗಿರುವುವೋ ಅಷ್ಟಕ್ಕೆ ಸೋಂಕಿನ ಅಪಾಯ ಏರುವುದೆಂದು ಬೋಡಿ, ಫ್ರೈರೈಕ್ ಮೊದಲಾದವರು ೧೯೬೬ರಲ್ಲಿ ಎಣಿಸಿ ತೋರಿಸಿದರು. ಸೋಂಕಿನ ಮೂಲ ಪತ್ತೆಯಾಗುವವರೆಗೆ ಕಾಯದೆ, ಜ್ವರ ಕಂಡೊಡನೆ ಪ್ರತಿಜೀವಕಗಳನ್ನು ಕೊಡುವ ಪದ್ಧತಿ ೧೯೭೧ರ ಸುಮಾರಿಗೆ ಬೇರೂರಿತು. ಅದರಿಂದ ಸಾವುಗಳು ಇಳಿದವು. ಆದರೆ ಬಿಳಿಯ ಕಣಗಳನ್ನೇ ಬೇಗ ಹುಟ್ಟಿಸುವ ಉಪಾಯ ದೊರೆತದ್ದು ಮೆಲ್ಬರ್ನಿನ ಡೊನಾಲ್ಡ್ ಮೆಟ್‌ಕಾಫ್ ಮತ್ತು ಇತರರ ಸಂಶೋಧನೆಯಿಂದ. ಮಜ್ಜೆಗೆ ಪ್ರಚೋದನೆ ಕೊಡುವ, ದೇಹದಲ್ಲಿಯೇ ಇರುವ ಒಂದು ಸಸಾರಜನಕವನ್ನು ಅವರು ಗುರುತಿಸಿದರು. ೧೯೮೬ರಲ್ಲಿ ಮಾನವರಲ್ಲಿನ ಅದರ ಜೀನನ್ನು ಪಡೆಯಲಾಯಿತು. ಅದರಿಂದ ತಯಾರಾದ ಫಿಲ್‌ಗ್ರಾಸ್ಟಿಮ್ ೧೯೯೧ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದನ್ನು ಸಮರ್ಥಿಸಿದ ಮುಖ್ಯ ಪರೀಕ್ಷೆ ನಡೆದದ್ದು ಸಣ್ಣ ಕೋಶಗಳ ಶ್ವಾಸಕೋಶಾರ್ಬುದದ ರೋಗಿಗಳ ಮೇಲೆಯೇ. ಈ ಔಷಧವಿಲ್ಲದೆ ಚಿಕಿತ್ಸೆ ಪಡೆದವರಲ್ಲಿ ಶೇಕಡ ೭೭ ಮಂದಿಗೆ ಒಮ್ಮೆಯಾದರೂ ಕಣಕುಸಿತದ ಜ್ವರ ಬಂದಿತ್ತು. ಪಡೆದವರಲ್ಲಿ ಶೇಕಡ ೪೦ ಮಂದಿಗೆ. ತೀವ್ರ ಕುಸಿತದ ಅವಧಿ ಪ್ರತಿ ಸುತ್ತಿಗೆ ಆರು ದಿನಗಳಿಂದ ಒಂದು ದಿನಕ್ಕೆ ಇಳಿಯಿತು.

ಇಲ್ಲಿ ಹೈದರಾಬಾದು ಮತ್ತೆ ಕಥೆಯೊಳಗೆ ಬರುತ್ತದೆ. ಪರದೇಶದಿಂದ ಬರುತ್ತಿದ್ದ ಈ ಚುಚ್ಚುಮದ್ದಿನ ಬೆಲೆ ಸಾಮಾನ್ಯ ರೋಗಿಯ ಕೈಗೆ ಎಟುಕುವಂತಿರಲಿಲ್ಲ. ೧೯೮೪ರಲ್ಲಿ ಅಂಜಿ ರೆಡ್ಡಿಯವರು ಈ ನಗರದಲ್ಲಿ ಸ್ಥಾಪಿಸಿದ ಡಾ. ರೆಡ್ಡೀಸ್ ಸಂಸ್ಥೆಯು ೨೦೦೧ರಲ್ಲಿ ಗ್ರಾಫೀಲ್ ಎಂಬ ಹೆಸರಿನಲ್ಲಿ ಇದೇ ಸಸಾರಜನಕವನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಕ್ರಮೇಣ ಇತರ ಭಾರತೀಯ ಸಂಸ್ಥೆಗಳೂ ಇದಕ್ಕೆ ಕೈಹಾಕಿದವು. ಒಂದು ಕಾಲಕ್ಕೆ ದೊಡ್ಡ ಆಸ್ಪತ್ರೆಗಳ ಧನಿಕ ರೋಗಿಗಳಿಗೆ ಮಾತ್ರ ಪರಿಚಿತವಾಗಿದ್ದ ಔಷಧವು ಜಿಲ್ಲೆಗಳ ಔಷಧದಂಗಡಿಗಳಿಗೂ ಬಂತು. ಆದರೆ ಅದನ್ನು ಎರಡರಿಂದ ಎಂಟು ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿಯೇ ಇಡಬೇಕು, ದಿನವೂ ಚುಚ್ಚಬೇಕು. ವಿದ್ಯುತ್ತು ಕೈಕೊಡುವ ಹಳ್ಳಿಯಲ್ಲಿ ಆ ಪುಟ್ಟ ಶೀಷೆಯನ್ನು ಕಾಪಾಡುವುದೇ ಮನೆಯವರಿಗೆ ಒಂದು ವ್ರತ.

ಕೆಂಪು ಕಣಗಳ ವಿಷಯದಲ್ಲಿ ಇತಿಹಾಸ ಇಷ್ಟು ಸುಗಮವಾಗಿ ಸಾಗಲಿಲ್ಲ. ಅವುಗಳನ್ನು ಹೆಚ್ಚಿಸುವ ಎರಿತ್ರೊಪೊಯಿಟಿನ್ ೧೯೯೩ರಲ್ಲಿ ಅರ್ಬುದ ಚಿಕಿತ್ಸೆಯ ರಕ್ತಹೀನತೆಗೂ ಅನುಮತಿ ಪಡೆದಾಗ, ಇನ್ನು ಮೇಲೆ ರಕ್ತ ತುಂಬಿಸುವ ಅಗತ್ಯವೇ ತಪ್ಪುವುದೆಂಬ ಉತ್ಸಾಹ ಮೂಡಿತು. ಹಿಮೋಗ್ಲೋಬಿನ್ನಿನ ಅಂಕ ಏರುವುದನ್ನು ನೋಡಿ ವೈದ್ಯರು ಸಂತೋಷಪಟ್ಟರು. ೨೦೦೭ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಠಿಣ ಎಚ್ಚರಿಕೆಯನ್ನು ಹೊರಡಿಸಿದರು: ಕೆಲವು ಪರೀಕ್ಷೆಗಳಲ್ಲಿ, ಶ್ವಾಸಕೋಶದ ಅರ್ಬುದದ ಪರೀಕ್ಷೆಯೊಂದನ್ನೂ ಒಳಗೊಂಡು, ಈ ಔಷಧ ಪಡೆದವರ ಆಯುಸ್ಸು ಕಡಿಮೆಯಾಗಿತ್ತು. ಏರುತ್ತಿದ್ದ ಅಂಕವನ್ನೇ ನೋಡುತ್ತಿದ್ದವರಿಗೆ ಇಳಿಯುತ್ತಿದ್ದ ಆಯುಸ್ಸು ತಡವಾಗಿ ಕಂಡಿತು. ಕ್ಲೋರೋಫಾರ್ಮ್ ಆಯೋಗದ ನೆನಪು ಇಲ್ಲಿ ತಾನಾಗಿ ಬರುತ್ತದೆ.

ತೀರ ಈಚಿನ ಹೆಜ್ಜೆ ೨೦೨೧ರ ಫೆಬ್ರವರಿಯದು. ಟ್ರೈಲಾಸಿಕ್ಲಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಆಗ ಅನುಮತಿ ದೊರೆಯಿತು. ವ್ಯಾಪಿಸಿದ ಸಣ್ಣ ಕೋಶಗಳ ಶ್ವಾಸಕೋಶಾರ್ಬುದದಲ್ಲಿ ಚಿಕಿತ್ಸೆಗೆ ಸ್ವಲ್ಪ ಮುಂಚೆ ಇದನ್ನು ಕೊಟ್ಟರೆ ಮಜ್ಜೆಯ ಮೂಲಕೋಶಗಳು ತಾತ್ಕಾಲಿಕವಾಗಿ ಒಡೆಯುವುದನ್ನು ನಿಲ್ಲಿಸಿ ನಿದ್ರೆ ಹೋದಂತಿರುತ್ತವೆ. ಒಡೆಯುವ ಕೋಶಗಳನ್ನು ಹುಡುಕಿ ಬರುವ ವಿಷ ಅವುಗಳನ್ನು ದಾಟಿಹೋಗುತ್ತದೆ. ಈ ಬಗೆಯ ಅರ್ಬುದದ ಕೋಶಗಳು ಸಾಮಾನ್ಯವಾಗಿ ಆ ನಿದ್ರೆಗೆ ಒಳಪಡುವುದಿಲ್ಲ. ಕೆಟ್ಟ ಮೇಲೆ ಸರಿಪಡಿಸುವುದಕ್ಕೆ ಬದಲಾಗಿ ಕೆಡದಂತೆ ಮೊದಲೇ ಕಾಯುವ ವಿಚಾರ ಇಲ್ಲಿ ಕಾರ್ಯರೂಪಕ್ಕೆ ಬಂದಿದೆ.

೬

ಈ ಇತಿಹಾಸವನ್ನು ಒಟ್ಟಾಗಿ ಪರ್ಯಾಲೋಚಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರಕ್ತದ ಹೊರೆಯನ್ನು ಇಳಿಸಿದ ಪ್ರತಿಯೊಂದು ಉಪಾಯವೂ ರೋಗಿಗಳ ರಕ್ತವನ್ನು ತಾಳ್ಮೆಯಿಂದ ಎಣಿಸಿದವರಿಂದ ಬಂದಿದೆ. ಆದರೆ ಎಣಿಕೆಗೆ ಸಿಕ್ಕುವುದು ಹೊರೆಯ ಒಂದು ಭಾಗ ಮಾತ್ರ. ಕಣಗಳು ಏರದೆ ಮುಂದಿನ ಸುತ್ತು ಒಂದು ವಾರ ಹಿಂದೆ ಬಿದ್ದಾಗ, ಆಸ್ಪತ್ರೆಯ ಬಳಿ ಕೋಣೆ ಹಿಡಿದು ಕಾಯುವ ಮನೆಯವರ ಖರ್ಚು ಯಾವ ಪಟ್ಟಿಯಲ್ಲಿಯೂ ಇಲ್ಲ. ರಕ್ತ ಬೇಕಾದಾಗ ಪರವೂರಿನಲ್ಲಿ ದಾನಿಗಳನ್ನು ಹುಡುಕಿ ಅಲೆಯುವವನ ದಿನಗಳು, ಬಿತ್ತನೆಯ ಕಾಲದಲ್ಲಿ ಪಾಳುಬಿದ್ದ ಹೊಲ, ಇವು ವೈದ್ಯಪತ್ರಿಕೆಗಳ ಕೋಷ್ಟಕಗಳಿಗೆ ಹೊರಗಿನವು. ಕಾರ್ನಾಫ್‌ಸ್ಕಿಯ ನೂರು ಅಂಕಗಳೂ ರೋಗಿಯೊಬ್ಬನನ್ನು ಅಳೆಯುತ್ತವೆ, ಅವನ ಮನೆಯನ್ನು ಅಳೆಯುವುದಿಲ್ಲ.

ಭಾಷೆಯೂ ಈ ಹೊರೆಯ ಒಂದು ಅಂಶ. ಉಷ್ಣತೆ ನೂರು ಪಾಯಿಂಟ್ ನಾಲ್ಕು ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು ಎಂಬ ಒಂದು ವಾಕ್ಯದ ಮೇಲೆ ಹತ್ತನೆಯ ದಿನದ ರೋಗಿಯ ಪ್ರಾಣ ನಿಂತಿರುತ್ತದೆ. ಆ ವಾಕ್ಯವನ್ನು ಹೈದರಾಬಾದಿನಲ್ಲಿ ತೆಲುಗಿನಲ್ಲಿ ಹೇಳುತ್ತಾರೆ, ಉರ್ದುವಿನಲ್ಲಿ ಹೇಳುತ್ತಾರೆ, ಇಂಗ್ಲಿಷಿನಲ್ಲಿ ಬರೆದುಕೊಡುತ್ತಾರೆ. ಗಡಿನಾಡಿನವರಿಗೆ ಈ ಭಾಷೆಗಳ ಪರಿಚಯ ಉಂಟಾದರೂ, ಮೊದಲ ಸಲ ಊರು ಬಿಟ್ಟು ಬಂದ ವೃದ್ಧನಿಗೆ ಅದು ಕನ್ನಡದಲ್ಲಿ ಕೇಳಿದಂತೆ ಕೇಳುವುದಿಲ್ಲ. ಅವನು ತಲೆಯಾಡಿಸಿ ಚೀಟಿಯನ್ನು ಮಡಚಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ಹೈದರಾಬಾದಿನ ಕನ್ನಡಿಗರು ಇಲ್ಲಿ ಶಾಲೆ, ಗ್ರಂಥಾಲಯ, ಸಾಹಿತ್ಯ ಸಂಸ್ಥೆಗಳನ್ನು ಕಟ್ಟಿದವರು. ರಕ್ತದಾನಿಗಳ ಒಂದು ಪಟ್ಟಿ, ಆ ಒಂದು ವಾಕ್ಯದ ಕನ್ನಡ ಅಚ್ಚು, ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಕುಳಿತು ಅದನ್ನು ಓದಿ ಹೇಳುವ ಒಬ್ಬ ಮನುಷ್ಯ, ಇವು ಅವರ ಶಕ್ತಿಗೆ ಮೀರಿದ ಕಾರ್ಯಗಳಲ್ಲ.

ಶಂಶಾಬಾದಿನಿಂದ ವಿಮಾನವೇರುವ ಪೆಟ್ಟಿಗೆಯ ತಂಪು ಅದು ತಲಪುವ ದೇಶದವರೆಗೂ ಕೆಡದಂತೆ ಕಾಯುವ ಏರ್ಪಾಡನ್ನು ಈ ಕಾಲವು ಮಾಡಿಕೊಂಡಿದೆ. ಅದೇ ಊರನ್ನು ಹಾದು ರಾಯಚೂರಿನ ಕಡೆಗೆ ಹಿಂದಿರುಗುವ ರೋಗಿಯನ್ನು ಮುಂದಿನ ಸರದಿಯವರೆಗೆ ಕಾಯುವ ಕೆಲಸ ಮಾತ್ರ ಇನ್ನೂ ಅವನ ಮನೆಯವರ ಮೇಲೆಯೇ ನಿಂತಿದೆ.